ಚರಂಡಿ ಅಗಲ ಮಾಡದೆ ಇಳಿಜಾರು ಸರಿ ಮಾಡಿದೆವು: ನಮ್ಮ ಲೇಔಟಿನ ಮಳೆನೀರಿನ ಕೆಲಸ

ನಮ್ಮ ಲೇಔಟು ಬೆಂಗಳೂರಿನ ಪೂರ್ವದ ಅಂಚಿನಲ್ಲಿದೆ. ಸುಮಾರು 15 ಎಕರೆ, ಅಂದರೆ 6 ಹೆಕ್ಟೇರು. ವಾಯವ್ಯದ ಮೂಲೆ ಎತ್ತರ, ಆಗ್ನೇಯದ ಕಡೆ ಇರೋ ಗೇಟು ತಗ್ಗು. ನಡುವೆ 400 ಮೀಟರ್ ಉದ್ದದ ಮುಖ್ಯ ರಸ್ತೆ, ಅದರ ಪಕ್ಕದಲ್ಲೇ ಸೈಜುಗಲ್ಲಿನ ಚರಂಡಿ. ಅಡ್ಡರಸ್ತೆಗಳ ಚಿಕ್ಕ ಚರಂಡಿಗಳೆಲ್ಲ ಅದಕ್ಕೇ ಬಂದು ಸೇರುತ್ತವೆ. ಗೇಟಿನಾಚೆ ರಸ್ತೆಯಡಿ ನೀರು ದಾಟಿಸುವ ಒಂದು ಮೋರಿ, ಮೋರಿಯಾಚೆ ಕಾಲುವೆ, ಕಾಲುವೆ ಮುಂದಿನ ಕೆರೆಗೆ.

2022ರ ಸೆಪ್ಟೆಂಬರ್ 4ರ ರಾತ್ರಿ ನಗರದಲ್ಲಿ 131.6 ಮಿ.ಮೀ. ಮಳೆ ಸುರಿದಾಗ ಬೆಂಗಳೂರಿನ ಪೂರ್ವ ಭಾಗ ಏನಾಯಿತು ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲಿ ಗೇಟಿನ ಹತ್ತಿರದ ಮನೆಗಳಿಗೆ ಮೊಣಕಾಲುದ್ದ ನೀರು ನುಗ್ಗಿತ್ತು. ಅಂಥ ಮಳೆ ಅಪರೂಪ ಅಂತ ಸುಮ್ನಿರಬಹುದಿತ್ತು. ಆದರೆ ಅರ್ಧ ಗಂಟೆ ಜೋರಾಗಿ ಹೊಡೆಯುವ ಸಾಮಾನ್ಯ ಮಳೆಗೂ ಗೇಟಿನ ಮುಂದೆ ಕೆರೆಯೇ ಆಗುತ್ತಿತ್ತು.

ಸಂಘದ ಸಭೆಗೆ ಬಂದ ಗುತ್ತಿಗೆದಾರರೊಬ್ಬರು, ಚರಂಡಿ 900 ಮಿ.ಮೀ. ಅಗಲ ಇದೆ, ಒಡೆದು 1500 ಮಾಡಿ, ಎಲ್ಲಾ ಸರಿಹೋಗುತ್ತೆ ಅಂದರು. ಹಾಗೆ ಮಾಡಬೇಕಾದರೆ ಸಾಲು ಹೊಂಗೆ ಮರಗಳು ಹೋಗಬೇಕು. 30 ಅಡಿ ರಸ್ತೆ ಇನ್ನೂ ಕಿರಿದಾಗಬೇಕು. ನಾನು ಸಿವಿಲ್ ಎಂಜಿನಿಯರ್ ಅನ್ನೋದು ಎಲ್ಲರಿಗೂ ಗೊತ್ತಿದ್ದರಿಂದ ಫೈಲು ನನ್ನ ತಲೆಗೆ ಬಂತು. ಮೊದಲು ಲೆವೆಲ್ ತೆಗೆಯೋಣ, ಆಮೇಲೆ ಒಡೆಯೋ ಮಾತು ಅಂದೆ.

ಲೆವೆಲ್ ಏನು ಹೇಳಿತು

ಬಾಡಿಗೆಗೆ ಆಟೋ ಲೆವೆಲ್ (ಎತ್ತರ ತಗ್ಗು ಅಳೆಯುವ ದುರ್ಬೀನು) ತಂದೆವು. ಗೇಟಿನ ಕಂಬದ ಪೀಠವನ್ನು ಬೆಂಚ್ ಮಾರ್ಕ್, ಅಂದರೆ ಎಲ್ಲಾ ಅಳತೆಗೂ ಆಧಾರ, ಮಾಡಿಕೊಂಡು ಪ್ರತಿ 20 ಮೀಟರಿಗೆ ರಸ್ತೆಯ ಲೆವೆಲ್ಲು, ಚರಂಡಿ ತಳದ ಲೆವೆಲ್ಲು ಎರಡನ್ನೂ ಬರೆದುಕೊಂಡೆವು. ತಳ ಅಂದರೆ ಹೂಳಿನ ಮೇಲೆ ಸ್ಟಾಫ್ (ಅಳತೆ ಕೋಲು) ಇಡೋದಲ್ಲ. ಹಾರೆಯಿಂದ ಹೂಳು ಕೆದರಿ, ಕಾಂಕ್ರೀಟು ಟಣ್ ಅಂದಮೇಲೆ ಇಡಬೇಕು. ಚಪ್ಪಡಿ ಎತ್ತುವ ಕೆಲಸವೇ ದೊಡ್ಡದು. ಕೆಲವು ಚಪ್ಪಡಿಗಳ ಮೇಲೆ ಜನ ತುಳಸಿಕಟ್ಟೆ ಕಟ್ಟಿದ್ದರು, ಒಬ್ಬರು ಬೈಕ್ ನಿಲ್ಲಿಸಲು ಟೈಲ್ಸ್ ಹಾಕಿಸಿದ್ದರು.

400 ಮೀಟರಿಗೆ ಚರಂಡಿಯ ತಳ ಇಳಿದಿದ್ದು ಬರೀ 0.8 ಮೀಟರ್. ಅಂದರೆ 500ಕ್ಕೆ 1. ಗೇಟಿನ ಬಳಿ ತಳ ರಸ್ತೆಯಿಂದ 0.9 ಮೀಟರ್ ಕೆಳಗಿದೆ. ಆಚೆ ಕಾಲುವೆಯ ನಿಜವಾದ ತಳ ಅದೇ ರಸ್ತೆಯಿಂದ 2.2 ಮೀಟರ್ ಕೆಳಗಿದೆ. ನಡುವಿನ 1.3 ಮೀಟರ್ ಇಳಿಜಾರು ಯಾರಿಗೂ ಉಪಯೋಗಕ್ಕೆ ಬರದೆ ಮೋರಿಯ ಬಾಯಲ್ಲಿ ವ್ಯರ್ಥವಾಗುತ್ತಿತ್ತು. ಮೊದಲು ಕಟ್ಟಿದವರು ಎಲ್ಲಾ ಕಡೆ ಮೂರು ಅಡಿ ಆಳ ಅಂತ ಒಂದೇ ಅಳತೆ ಹಿಡಿದು, ರಸ್ತೆ ಹೇಗಿದೆಯೋ ಚರಂಡಿಯನ್ನೂ ಹಾಗೇ ಎಳೆದಿದ್ದಾರೆ. ಕಟ್ಟಲು ಸುಲಭ, ಬಿಲ್ ಬರೆಯಲೂ ಸುಲಭ.

ಇನ್ನೊಂದು ವಿಷಯ ಗ್ರಾಮ ನಕಾಶೆಯಲ್ಲಿ ಸಿಕ್ಕಿತು. ನಮ್ಮ ಮೇಲಿನ ಗಡಿಯಿಂದ ಒಂದು ಹಳ್ಳದ ಗೆರೆ ಒಳಗೆ ಬಂದು, ಈಗಿನ ಪಾರ್ಕಿನ ಮೂಲಕ ಹಾದು, ಕಾಲುವೆಗೆ ಸೇರುತ್ತದೆ. ಬಿ ಖರಾಬು, ಅಂದರೆ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ. ಸದ್ಯ, ಅದರ ಮೇಲೆ ಮನೆ ಕಟ್ಟಿಲ್ಲ, ಪಾರ್ಕಿಗೆ ಬಿಟ್ಟಿದ್ದಾರೆ. ಆದರೆ ಹಳ್ಳ ಒಳಗೆ ಬರುವ ಕಡೆ ಅಡ್ಡವಾಗಿ ಕಾಂಪೌಂಡ್ ಗೋಡೆ ಇದೆ. ಮೇಲಿನ ಸುಮಾರು 5 ಹೆಕ್ಟೇರಿನ ನೀರು ಗೋಡೆಗೆ ಬಂದು ನಿಂತು, ಪಕ್ಕಕ್ಕೆ ಸರಿದು, ಮೊದಲನೇ ಅಡ್ಡರಸ್ತೆಯ ಸಂದಿಯಿಂದ ಒಳಗೆ ನುಗ್ಗಿ ನಮ್ಮ ಮುಖ್ಯ ಚರಂಡಿಗೆ ಬೀಳುತ್ತಿತ್ತು. ಆ ಜಾಗ ಮೊದಲು ನೀಲಗಿರಿ ತೋಪು. ಈಗ ಅಲ್ಲೂ ಕಟ್ಟಡಗಳು ಎದ್ದಿವೆ.

ಲೆಕ್ಕ

ಇಷ್ಟು ಚಿಕ್ಕ ಜಾಗಕ್ಕೆ ರ‍್ಯಾಷನಲ್ ವಿಧಾನ ಸಾಕು. ಹರಿವಿನ ಗುಣಕ (ಬಿದ್ದ ಮಳೆಯಲ್ಲಿ ಇಂಗದೆ ಹರಿಯುವ ಪಾಲು), ಗಂಟೆಗೆ ಎಷ್ಟು ಮಿ.ಮೀ. ಮಳೆ, ಎಷ್ಟು ಹೆಕ್ಟೇರು, ಈ ಮೂರನ್ನು ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ಅಂತ ಬರುತ್ತದೆ. ಮೇಲಿನ ತುದಿಯ ನೀರು ಗೇಟಿಗೆ ಬರಲು ಕಾಲು ಗಂಟೆ ಬೇಕು. ಹಾಗಾಗಿ ಕಾಲು ಗಂಟೆ ಸುರಿಯುವ ಜೋರು ಮಳೆಯನ್ನು ಹಿಡಿಯಬೇಕು. ನಾವು ಗಂಟೆಗೆ 100 ಮಿ.ಮೀ. ಅಂತ ಇಟ್ಟುಕೊಂಡೆವು. ದಿನದ ಮಳೆಯ ಅಂಕಿ ನೋಡಿ ಚರಂಡಿ ಕಟ್ಟಿದರೆ ಪ್ರಯೋಜನವಿಲ್ಲ. ದಿನವಿಡೀ ಜಿಟಿಜಿಟಿ ಸುರಿದ 60 ಮಿ.ಮೀ. ಮಳೆ ಯಾರಿಗೂ ತೊಂದರೆ ಕೊಡಲ್ಲ. ಅಷ್ಟೇ ಮಳೆ ಮುಕ್ಕಾಲು ಗಂಟೆಯಲ್ಲಿ ಸುರಿದರೆ ಕಥೆ ಬೇರೆ.

ಲೇಔಟಿನ ಒಳಗೆ ತಾರಸಿ, ಡಾಂಬರು, ಕಾರ್ ನಿಲ್ಲಿಸಲು ಹಾಕಿದ ಟೈಲ್ಸ್ ಎಲ್ಲಾ ಸೇರಿ ಗುಣಕ 0.75. ಆರು ಹೆಕ್ಟೇರಿಗೆ 1.25 ಘನ ಮೀಟರ್. ಮೇಲಿನ ಐದು ಹೆಕ್ಟೇರಿನಲ್ಲಿ ಇನ್ನೂ ಸ್ವಲ್ಪ ಮಣ್ಣು ಉಳಿದಿದೆ, ಗುಣಕ 0.6 ಅಂದರೆ 0.83. ಒಟ್ಟು 2.08.

ಹಳೇ ಚರಂಡಿ ಎಷ್ಟು ಹೊರುತ್ತಿತ್ತು? ಅಳತೆ, ಇಳಿಜಾರು, ಒರಟುತನದಿಂದ ಹರಿವು ಹೇಳುವ ಮ್ಯಾನಿಂಗ್ ಸೂತ್ರದಲ್ಲಿ ಹಾಕಿ ನೋಡಿದೆ. 900 ಅಗಲ, 750 ಮಿ.ಮೀ. ನೀರು, ಒರಟು ಕಲ್ಲಿನ ಒರಟುತನದ ಅಂಕಿ 0.020, ಇಳಿಜಾರು 500ಕ್ಕೆ 1. ಬಂದದ್ದು 0.65 ಘನ ಮೀಟರ್. ಬೇಕಾದ್ದರಲ್ಲಿ ಮೂರನೇ ಒಂದು ಪಾಲೂ ಇಲ್ಲ. ಅದರ ತುದಿಗೆ ಮೋರಿಯಲ್ಲಿ 600 ಮಿ.ಮೀ. ಹ್ಯೂಮ್ ಪೈಪು, ಅಂದರೆ ಕಾಂಕ್ರೀಟಿನ ಕೊಳವೆ. ಅದು ತುಂಬಿ ಹರಿದರೂ 0.6 ದಾಟಲ್ಲ. ಅಂದರೆ ಚರಂಡಿಯನ್ನು ಎಷ್ಟೇ ಅಗಲ ಮಾಡಿದ್ದರೂ ನೀರು ಗೇಟಿನಲ್ಲೇ ನಿಲ್ಲುತ್ತಿತ್ತು. 1500 ಮಾಡಿ ಅಂದವರ ಅಂದಾಜು ಪಟ್ಟಿಯಲ್ಲಿ ಮೋರಿಯ ಹೆಸರೇ ಇರಲಿಲ್ಲ!

ಈಗ ಇಳಿಜಾರು ಬದಲಿಸಿ ನೋಡೋಣ. ಗೇಟಿನ ಬಳಿ ತಳವನ್ನು 0.6 ಮೀಟರ್ ಕೆಳಗಿಳಿಸಿ, ಮೇಲಿನ ತುದಿಯಲ್ಲಿ 0.2 ಮೀಟರ್ ಎತ್ತರಿಸಿದರೆ 400 ಮೀಟರಿಗೆ 1.6 ಮೀಟರ್ ಇಳಿಜಾರು ಸಿಗುತ್ತದೆ. 250ಕ್ಕೆ 1. ಮೇಲ್ತುದಿಯಲ್ಲಿ ನೀರೇ ಕಡಿಮೆ, ಅಲ್ಲಿ 0.7 ಮೀಟರ್ ಆಳ ಧಾರಾಳ. ತಳ ಎತ್ತರಿಸಿದ್ದರಿಂದ ಅಗೆತವೂ ಉಳಿಯಿತು, ಮೊದಲ 100 ಮೀಟರ್ ಹಳೇ ಕಲ್ಲಿನ ಗೋಡೆಯನ್ನು ಮುಟ್ಟಬೇಕಾಗಿಲ್ಲ.

ಇಳಿಜಾರು ಎರಡು ಪಟ್ಟಾದರೆ ವೇಗ 1.4 ಪಟ್ಟು ಮಾತ್ರ ಹೆಚ್ಚುತ್ತದೆ, ವರ್ಗಮೂಲದ ಲೆಕ್ಕ. ಒರಟು ಕಲ್ಲಿನ ಬದಲು ನಯವಾದ ಕಾಂಕ್ರೀಟ್ ಆದರೆ ವೇಗ ಇನ್ನೂ ಮೂರನೇ ಒಂದು ಪಾಲು ಹೆಚ್ಚುತ್ತದೆ. ಕೆಳಗೆ ಆಳ ಜಾಸ್ತಿ ಆದ್ದರಿಂದ ಒಂದು ಮೀಟರ್ ನೀರು ಹಿಡಿಯಬಹುದು. ಮೂರೂ ಸೇರಿ 0.65 ಇದ್ದದ್ದು 1.74 ಆಯಿತು. ಅದೇ 900 ಅಗಲ, ಒಂದಿಂಚೂ ಹೆಚ್ಚಿಲ್ಲ. ವೇಗ ಸೆಕೆಂಡಿಗೆ 2 ಮೀಟರಿನ ಹತ್ತಿರ. ಹೂಳನ್ನು ತಾನೇ ತಳ್ಳಿಕೊಂಡು ಹೋಗುತ್ತದೆ, ಕಾಂಕ್ರೀಟನ್ನು ಕೊರೆಯುವಷ್ಟು ಜೋರೂ ಅಲ್ಲ.

1.74 ಆದರೂ 2.08ಕ್ಕೆ ಸಾಲದು. ಹಾಗಾಗಿ ಮೇಲಿನ 0.83 ನಮ್ಮ ಚರಂಡಿಗೆ ಬರಲೇಬಾರದು. ಅದು ಹಳೇ ಹಳ್ಳದ ದಾರಿಯಲ್ಲೇ ಹೋಗಲಿ ಅಂತ ತೀರ್ಮಾನಿಸಿದೆವು.

ದುಡ್ಡಿನ ಜಗಳ

ಇದನ್ನು ಬೇಗ ಮುಗಿಸುತ್ತೇನೆ. ಮೇಲ್ತುದಿಯವರು "ನಮ್ಮನೆಗೆ ನೀರು ನುಗ್ಗಲ್ಲ, ನಾವ್ಯಾಕೆ ಕೊಡಬೇಕು" ಅಂದರು. ಕೆಳಗಿನವರ ಮನೆಗೆ ನುಗ್ಗೋ ನೀರು ನಿಮ್ಮ ತಾರಸಿಯದ್ದೇ ಅಲ್ವಾ ಅಂತ ಕೇಳಿದೆ. ಕೊನೆಗೆ ಎಲ್ಲರಿಗೂ ಸೈಟಿನ ಚದರಡಿಗೆ ಇಷ್ಟು ಅಂತ ಹಂಚಿದೆವು. ಮೋರಿ ಮತ್ತು ಕಾಲುವೆಯ ಅನುಮತಿಗೆ ಅಲೆದದ್ದನ್ನು ಬರೆಯುತ್ತಾ ಹೋದರೆ ಅದೇ ಒಂದು ಪುರಾಣ. ಒಂದು ಮಾತು ಮಾತ್ರ: ಅರ್ಜಿಯ ಜೊತೆ ಲೆವೆಲ್ಲಿನ ನಕ್ಷೆ, ಗ್ರಾಮ ನಕಾಶೆಯ ಪ್ರತಿ ಎರಡನ್ನೂ ಇಟ್ಟರೆ ಮಾತು ಬೇಗ ಮುಂದೆ ಹೋಗುತ್ತದೆ.

ಕೆಳಗಿನಿಂದ ಶುರು

ಚರಂಡಿ ಕೆಲಸ ಯಾವಾಗಲೂ ತಗ್ಗಿನ ತುದಿಯಿಂದ ಶುರುವಾಗಬೇಕು. ಮೇಲಿನಿಂದ ಶುರು ಮಾಡಿ ನಡುವೆ ಮಳೆ ಬಂದರೆ, ವೇಗವಾಗಿ ಬಂದ ನೀರು ಹಳೇ ಚರಂಡಿಯ ಬಾಯಲ್ಲಿ ಉಕ್ಕುತ್ತದೆ.

ಮೊದಲು ಕಾಲುವೆಯ ಹೂಳು ತೆಗೆಸಿದೆವು. ಎರಡು ಅಡಿ ಹೂಳು, ಅದರಲ್ಲಿ ಅರ್ಧ ಕಟ್ಟಡದ ಡೆಬ್ರಿಸ್, ಥರ್ಮೋಕೋಲು, ಹಾಸಿಗೆ. ಆಮೇಲೆ ಮೋರಿ. ಹಳೇ ಪೈಪು ಕಿತ್ತು 1.2 ಮೀಟರ್ ಅಗಲ, 1 ಮೀಟರ್ ಎತ್ತರದ ರೆಡಿಮೇಡ್ ಕಾಂಕ್ರೀಟ್ ಬಾಕ್ಸ್ ಕೂರಿಸಿದೆವು. ಒಂದೊಂದು ತುಂಡೂ ಸುಮಾರು 2 ಟನ್, ಹೈಡ್ರಾ ಕ್ರೇನ್ ಬೇಕು. ರಸ್ತೆಯ ಅರ್ಧ ಮುಚ್ಚಿ ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಬಾಕ್ಸಿನ ಹೊರಬಾಯಿ ಕಾಲುವೆ ತಳಕ್ಕಿಂತ ಅರ್ಧ ಮೀಟರಿನಷ್ಟು ಮೇಲೆ ಉಳಿಯಿತು. ಕಾಲುವೆ ತುಂಬಿದಾಗ ನೀರು ಹಿಮ್ಮೆಟ್ಟದಂತೆ ಬಾಯಿಗೆ ಫ್ಲಾಪ್ ಗೇಟು (ಹೊರಗೆ ಮಾತ್ರ ತೆರೆಯುವ ತೂಗು ಮುಚ್ಚಳ) ಹಾಕೋಣ ಅಂತ ಒಬ್ಬರು ಸೂಚಿಸಿದರು. ನಾನು ಬೇಡವೆಂದೆ. ನಮ್ಮ ಕಾಲುವೆಗಳಲ್ಲಿ ಹರಿಯುವ ಪ್ಲಾಸ್ಟಿಕ್ಕಿಗೆ ಅದು ಒಂದೇ ಮಳೆಗೆ ಸಿಕ್ಕಿಕೊಂಡು ಅರ್ಧ ತೆರೆದು ನಿಲ್ಲುತ್ತದೆ. ಅದರ ಬದಲು ವರ್ಷಕ್ಕೊಮ್ಮೆ ಹೂಳು ತೆಗೆಸೋದು ಲೇಸು.

ನಂತರ ಗೇಟಿನಿಂದ ಮೇಲಕ್ಕೆ 300 ಮೀಟರ್ ಆರ್‌ಸಿಸಿ ಯು ಆಕಾರದ ಚರಂಡಿ. ಎಂ25 ದರ್ಜೆಯ ಕಾಂಕ್ರೀಟು, 150 ಮಿ.ಮೀ. ಗೋಡೆ, 10 ಎಂಎಂ ಕಂಬಿ 150ಕ್ಕೊಂದು. ಗೇಟಿನ ಬಳಿ ಅಗೆತ 1.7 ಮೀಟರ್ ಆಗುತ್ತದೆ, ಪಕ್ಕದಲ್ಲೇ ಮನೆಗಳ ಕಾಂಪೌಂಡ್ ಗೋಡೆ. ಕೆಂಪು ಮಣ್ಣು ಒಣಗಿದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೆಂದರೆ ಒಂದೇ ಏಟಿಗೆ ಕುಸಿಯುತ್ತದೆ. ಅದಕ್ಕೆ ಒಂದೇ ಸಲ ಉದ್ದಕ್ಕೂ ಅಗೆಯಲು ಬಿಡಲಿಲ್ಲ. ಎಂಟು ಮೀಟರ್ ಅಗೆದು, ಎಂಟು ಮೀಟರ್ ಬಿಟ್ಟು, ಹಲಗೆ ಮತ್ತು ಜಾಕಿ ಕೊಟ್ಟು, ಕಾಂಕ್ರೀಟು ಹಾಕಿ ಗಟ್ಟಿಯಾದಮೇಲೆ ಬಿಟ್ಟ ಜಾಗ ಅಗೆಸಿದೆವು. ಮೇಸ್ತ್ರಿಗೆ ಇದು ಇಷ್ಟವಿರಲಿಲ್ಲ. "ಸಾರ್, ಜೆಸಿಬಿ ಒಂದೇ ದಿನಕ್ಕೆ ಎಲ್ಲಾ ಎತ್ತಿಬಿಡುತ್ತೆ, ಭರಣಿ ಮಳೆ ಹಿಡಿದರೆ ನೀವೇ ಪರದಾಡ್ತೀರ" ಅಂತ ಗೊಣಗುತ್ತಿದ್ದರು. ಏಪ್ರಿಲ್ ಕೊನೆಯ ಭರಣಿ ಮಳೆಯ ಭಯ ನನಗೂ ಇತ್ತು. ಆದರೆ ತೆರೆದ ಗುಂಡಿಯ ಮೇಲೆ ಆ ಮಳೆ ಸುರಿದರೆ ಕಾಂಪೌಂಡ್ ಗೋಡೆಗಳ ಜೊತೆ ಕೆಳಗಿರುವ ಆಳೂ ಹೋಗುತ್ತಾನಲ್ಲ.

ಇಳಿಜಾರು ಹಿಡಿಯುವ ಬಗ್ಗೆ ಒಂದು ಮಾತು. 250ಕ್ಕೆ 1 ಅಂದರೆ 10 ಮೀಟರಿಗೆ 40 ಮಿ.ಮೀ. ಮಾತ್ರ. ಕಣ್ಣಿಗೆ ಕಾಣಲ್ಲ, ರಸಮಟ್ಟಕ್ಕೂ ಸಿಗಲ್ಲ. ಪ್ರತಿ 10 ಮೀಟರಿಗೆ ಕಬ್ಬಿಣದ ಗೂಟ ಹೊಡೆದು, ಆಟೋ ಲೆವೆಲ್ಲಿನಲ್ಲಿ ನೋಡಿ ಗೂಟಕ್ಕೆ ಕೆಂಪು ಬಣ್ಣದ ಗೆರೆ ಬಳಿದು, ಗೆರೆಯಿಂದ ಗೆರೆಗೆ ನೈಲಾನ್ ದಾರ ಬಿಗಿದೆವು. ತಳದ ಕಾಂಕ್ರೀಟು ದಾರದಿಂದ ಅಳೆದೇ ಬೀಳಬೇಕು. ಪ್ರತಿ ಭಾಗ ಗಟ್ಟಿಯಾದ ಮೇಲೆ ಎರಡು ಬಕೆಟ್ ನೀರು ಸುರಿದು ನೋಡುತ್ತಿದ್ದೆವು. ಒಂದು ಕಡೆ ಅಂಗೈ ಅಗಲದಷ್ಟು ನೀರು ನಿಂತಿತು. ಮೇಸ್ತ್ರಿಯೇ ಕೂತು, ಬಟ್ಟೆಯಿಂದ ಒರೆಸಿ, ಚಿಪ್ ಮಾಡಿ, ಮತ್ತೆ ಗಾರೆ ಮೆತ್ತಿದರು. ಅಷ್ಟು ಹೊತ್ತಿಗೆ ಅವರಿಗೂ ಆಟದ ರುಚಿ ಹತ್ತಿತ್ತು. ಮುಂದಿನ ಭಾಗಗಳಿಗೆ ಬಕೆಟ್ ಹಿಡಿದು ಅವರೇ ಮುಂದೆ ಬರುತ್ತಿದ್ದರು.

ಚರಂಡಿ ಒಳಗೆ ಸಿಕ್ಕ ಕೇಬಲ್ಲುಗಳದ್ದು ಬೇರೆ ಕಥೆ. ಇಂಟರ್ನೆಟ್ಟಿನ ಕಪ್ಪು ಕೇಬಲ್ಲುಗಳು ಗೊಂಚಲು ಗೊಂಚಲಾಗಿ ತಳದಲ್ಲೇ ಮಲಗಿದ್ದವು. ಯಾರದ್ದು ಅಂತ ಕೇಳಿದರೆ ಎಲ್ಲರೂ ನಮ್ಮದಲ್ಲ ಅನ್ನುತ್ತಾರೆ, ಕತ್ತರಿಸಿದ ಅರ್ಧ ಗಂಟೆಗೆ ಎಲ್ಲರ ಫೋನೂ ಬರುತ್ತದೆ. ಗೋಡೆಯ ಹೊರಗೆ ಎರಡು 110 ಎಂಎಂ ಪಿವಿಸಿ ಪೈಪು ಹೂತು ಕೇಬಲ್ಲೆಲ್ಲ ಅದರೊಳಗೆ ಹಾಕಿಸಿದೆವು. ಚಪ್ಪಡಿ ಎತ್ತಿದಾಗ ಕೆಲವು ಮನೆಗಳ ಬಟ್ಟೆ ಒಗೆಯುವ ನೊರೆ ನೀರು ಚರಂಡಿಗೇ ಬೀಳುತ್ತಿದ್ದದ್ದೂ ಕಂಡಿತು. ಅದಕ್ಕೆ ವಿರುದ್ಧವಾಗಿ, ತಾರಸಿಯ ಮಳೆನೀರನ್ನು ಯುಜಿಡಿಗೆ (ಕೊಳಚೆಯ ಒಳಚರಂಡಿಗೆ) ಬಿಟ್ಟವರೂ ಇದ್ದರು. ಜೋರು ಮಳೆಗೆ ಯುಜಿಡಿ ಛೇಂಬರಿನ ಮುಚ್ಚಳ ಕುಣಿಯುವುದು ಇಂಥವರ ಪುಣ್ಯ. ಎರಡನ್ನೂ ಬೇರೆ ಮಾಡಿಸಿದೆವು.

ನೀರು ಚರಂಡಿಗೆ ಇಳಿಯಬೇಕಲ್ಲ

ಚರಂಡಿ ಖಾಲಿ ಇದ್ದು ರಸ್ತೆ ತುಂಬಿ ಹರಿಯುವುದನ್ನು ನೀವೂ ನೋಡಿರುತ್ತೀರಿ. ನಮ್ಮಲ್ಲಿ ರಸ್ತೆಯಂಚಿನ ಕರ್ಬ್ ಕಲ್ಲಿನ ನಡುವೆ ಅಲ್ಲಲ್ಲಿ 110 ಎಂಎಂ ಪೈಪಿನ ತುಂಡು ಇಟ್ಟಿದ್ದರು. ನಾಲ್ಕು ಹೊಂಗೆ ಎಲೆ, ಒಂದು ಹಾಲಿನ ಕವರು ಸಾಕು ಅದು ಮುಚ್ಚಿಕೊಳ್ಳಲು. ಅವನ್ನೆಲ್ಲ ತೆಗೆದು ಪ್ರತಿ 10 ಮೀಟರಿಗೆ 600 ಅಗಲ, 150 ಎತ್ತರದ ಬಾಯಿ ಬಿಟ್ಟೆವು. ಬಾಯಿಯ ಮುಂದೆ ರಸ್ತೆಯನ್ನು 40 ಮಿ.ಮೀ. ತಗ್ಗಿಸಿದರೆ ನೀರು ತಾನಾಗಿ ತಿರುಗುತ್ತದೆ. ತಗ್ಗಿಸದಿದ್ದರೆ ವೇಗವಾಗಿ ಬರುವ ನೀರು ಬಾಯಿಯನ್ನು ದಾಟಿ ಮುಂದೆ ಓಡುತ್ತದೆ.

ದೊಡ್ಡ ತಲೆನೋವು ಮನೆಗಳ ರ‍್ಯಾಂಪು. ಪ್ರತಿ ಗೇಟಿನ ಮುಂದೆ ಕಾಂಕ್ರೀಟಿನ ರ‍್ಯಾಂಪು ರಸ್ತೆಯವರೆಗೆ ಚಾಚಿದೆ. ಒಂದೊಂದೂ ಒಂದೊಂದು ಕಟ್ಟೆ. ಅಂಚಿನಲ್ಲಿ ಹರಿಯಬೇಕಾದ ನೀರು ರಸ್ತೆಯ ಮಧ್ಯಕ್ಕೆ ಬರುತ್ತದೆ. ರ‍್ಯಾಂಪಿನ ತುದಿಯ ಒಂದು ಅಡಿ ಕತ್ತರಿಸಿ ಕಬ್ಬಿಣದ ಗ್ರೇಟಿಂಗ್ ಕೂರಿಸೋಣ ಅಂದಾಗ ಎದ್ದ ಗಲಾಟೆ ಅಷ್ಟಿಷ್ಟಲ್ಲ. "ನಮ್ಮ ಕಾರಿನ ಹೊಟ್ಟೆ ತಾಗುತ್ತೆ" ಅನ್ನೋದು ಎಲ್ಲರ ಭಯ. ಕೊನೆಗೆ ಲೇಔಟಿನಲ್ಲಿ ಎಲ್ಲಕ್ಕಿಂತ ತಗ್ಗಾದ ಕಾರನ್ನೇ ತರಿಸಿ, ಗ್ರೇಟಿಂಗ್ ಕೂರಿಸಿದ ಮೊದಲನೇ ಮನೆಗೆ ನಿಧಾನಕ್ಕೆ ಹತ್ತಿಸಿದೆವು. ಗ್ರೇಟಿಂಗಿನ ಅಂಚಿಗೆ ದಪ್ಪಗೆ ಸೀಮೆಸುಣ್ಣ ಬಳಿದಿತ್ತು. ಕಾರು ಒಳಗೆ ಹೋದಮೇಲೆ ಮಾಲೀಕರು ನೆಲಕ್ಕೆ ಮಲಗಿ ಟಾರ್ಚ್ ಬಿಟ್ಟು ನೋಡಿದರು. ಕಾರಿನ ಹೊಟ್ಟೆಗೆ ಸುಣ್ಣ ಅಂಟಿರಲಿಲ್ಲ. ಆ ಸಂಜೆಯೇ ಅರ್ಧ ರಸ್ತೆ ಒಪ್ಪಿತು.

ಹಳ್ಳದ ದಾರಿ, ಪಾರ್ಕು, ಬಾವಿ

ಮೇಲಿನ ಗಡಿಯುದ್ದಕ್ಕೆ ಕಲ್ಲು ಹಾಸಿದ ಇಳಿಜಾರು ಗೋಡೆಯ ಕಾಲುವೆ ತೋಡಿದೆವು. ತಳ 0.6 ಮೀಟರ್, ಇಳಿಜಾರು 200ಕ್ಕೆ 1. ನೀರು 0.65 ಮೀಟರ್ ಆಳ ಹರಿದರೆ 0.9 ಘನ ಮೀಟರ್ ಹೋಗುತ್ತದೆ. ಕಾಂಪೌಂಡ್ ಗೋಡೆಯಲ್ಲಿ ಹಳ್ಳದ ಬಾಯಿ ಮತ್ತೆ ತೆರೆದು, ಕಬ್ಬಿಣದ ಸರಳು ಕೊಟ್ಟು, ನೀರನ್ನು ಪಾರ್ಕಿಗೆ ಬಿಟ್ಟೆವು.

ಪಾರ್ಕಿನಲ್ಲಿ 1500 ಚದರ ಮೀಟರಿನಷ್ಟು ಹುಲ್ಲಿನ ಜಾಗವನ್ನು 450 ಮಿ.ಮೀ. ತಗ್ಗಿಸಿದೆವು. ಅಲ್ಲಿ 675 ಘನ ಮೀಟರ್ ನೀರು ನಿಲ್ಲುತ್ತದೆ. ಮೇಲಿನಿಂದ ಪೂರ್ತಿ ಜೋರಾಗಿ ಬಂದರೂ 13 ನಿಮಿಷದ ನೀರು. ಬೆಂಗಳೂರಿನ ಮಳೆಯ ಅತಿ ಜೋರಿನ ಹೊತ್ತು ಸಾಮಾನ್ಯವಾಗಿ ಅಷ್ಟೇ ಇರುತ್ತದೆ. ಕೆಳಗಿನ ತುದಿಗೆ ಕೆರೆಯ ಕೋಡಿಯಂತೆ ಕಲ್ಲಿನ ತಗ್ಗು ಗೋಡೆ, ಅದರ ಬುಡದಲ್ಲಿ 300 ಎಂಎಂ ಪೈಪು. ಸ್ವಲ್ಪ ನೀರು ಪೈಪಿನಲ್ಲಿ, ಜಾಸ್ತಿಯಾದರೆ ಗೋಡೆ ಮೇಲೆ. ಬಹಳಷ್ಟು ನೀರು ರಾತ್ರಿಯೊಳಗೆ ಇಳಿದುಹೋಗುತ್ತದೆ, ಮಕ್ಕಳ ಆಟಕ್ಕೆ ಒಂದು ದಿನ ರಜೆ.

ಇಂಗುಬಾವಿಗಳ ಬಗ್ಗೆ ಸ್ವಲ್ಪ ಖಾರವಾಗಿ ಹೇಳುತ್ತೇನೆ. ಸಂಘದಲ್ಲಿ ಕೆಲವರಿಗೆ ಹನ್ನೆರಡು ಇಂಗುಬಾವಿ ತೋಡಿದರೆ ಪ್ರವಾಹವೇ ಬರಲ್ಲ ಅನ್ನೋ ನಂಬಿಕೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಯಲ್ಲಿ ಹಿಡಿಯುವುದು ಸುಮಾರು ನಾಲ್ಕು ಘನ ಮೀಟರ್. ಹನ್ನೆರಡೂ ಸೇರಿ 48. ಜೋರು ಮಳೆಗೆ ನಮ್ಮ ಲೇಔಟಿನಿಂದ ಚರಂಡಿಗೆ ಬರುವ 1.25ರ ಹರಿವಿಗೆ ಅದು 38 ಸೆಕೆಂಡಿನ ಲೆಕ್ಕ. ಬಾವಿ ಬೇಕು, ನಾವೂ ತೋಡಿಸಿದೆವು. ಬಾವಿ ತೋಡುವುದನ್ನೇ ಕಸುಬು ಮಾಡಿಕೊಂಡ ಮಣ್ಣು ವಡ್ಡರು ಬಂದು, ಗುದ್ದಲಿ ಹಗ್ಗದಲ್ಲೇ ಎಷ್ಟು ಚೊಕ್ಕವಾಗಿ ಇಳಿದು ರಿಂಗು ಕೂರಿಸಿದರೆಂದರೆ ನೋಡುತ್ತಾ ನಿಲ್ಲಬೇಕು. ಬಾವಿಯಿಂದ ಅಂತರ್ಜಲ ಏರುತ್ತದೆ, ಬೋರ್‌ವೆಲ್ಲಿಗೆ ಜೀವ ಬರುತ್ತದೆ. ಪ್ರವಾಹಕ್ಕೆ ಅದು ಮದ್ದಲ್ಲ.

ಮನೆಗಳ ತಾರಸಿ ನೀರು ಹಿಡಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ನೂರು ಚದರ ಮೀಟರಿನ ತಾರಸಿಗೆ 50 ಮಿ.ಮೀ. ಮಳೆ ಬಿದ್ದರೆ 5000 ಲೀಟರ್. ನಮ್ಮಲ್ಲಿ ಸುಮಾರು 150 ಮನೆ ಇವೆ. ಎಲ್ಲರೂ ಹಿಡಿದರೆ 750 ಘನ ಮೀಟರ್, ಪಾರ್ಕಿಗಿಂತ ಜಾಸ್ತಿ. ತೊಂದರೆ ಏನಂದರೆ ಮಳೆಗಾಲದಲ್ಲಿ ಎಲ್ಲರ ಸಂಪೂ ಮೊದಲೇ ತುಂಬಿರುತ್ತದೆ. ಮಳೆನೀರಿಗೇ ಬೇರೆ ತೊಟ್ಟಿ ಬೇಕು. ಇಲ್ಲಿಯವರೆಗೆ ಒಪ್ಪಿದವರು ಕೆಲವರು ಮಾತ್ರ. ಹಾಗಾಗಿ ಚರಂಡಿಯ ಲೆಕ್ಕದಲ್ಲಿ ಇದನ್ನು ಸೊನ್ನೆ ಅಂತಲೇ ಹಿಡಿದಿದ್ದೇನೆ.

ಮೊದಲ ಮಳೆ

ಗೇಟಿನ ಹತ್ತಿರ ಚರಂಡಿ ಗೋಡೆಗೆ ಪ್ರತಿ 100 ಮಿ.ಮೀ.ಗೆ ಹಳದಿ ಗೆರೆ ಬರೆಸಿದ್ದೆ. ಮೇ ತಿಂಗಳ ಒಂದು ಸಂಜೆ ಮುಕ್ಕಾಲು ಗಂಟೆಯಲ್ಲಿ 40 ಮಿ.ಮೀ. ಮಳೆ ಸುರಿಯಿತು, ನನ್ನ ತಾರಸಿಯ ಮಳೆಮಾಪಕದ ಲೆಕ್ಕ. ಕೊಡೆ ಹಿಡಿದು ಹೋಗಿ ನೋಡಿದರೆ ನೀರು 500ರ ಗೆರೆಯನ್ನು ಆಗಾಗ ನೆಕ್ಕುತ್ತಿತ್ತು. ಅಷ್ಟು ಮಳೆಗೆ ಸೂತ್ರ ಹೇಳುವುದು 470. ಇಷ್ಟು ಹತ್ತಿರ ಬಂದದ್ದು ನನಗೇ ಆಶ್ಚರ್ಯ. ಗೇಟಿನ ಮುಂದೆ ರಸ್ತೆ ಒದ್ದೆಯಾಗಿತ್ತು, ಅಷ್ಟೇ. ಪಾರ್ಕಿನಲ್ಲಿ ಪಾದ ಮುಳುಗುವಷ್ಟು ನೀರು, ಅದರಲ್ಲಿ ಆಗಲೇ ಕಪ್ಪೆಗಳ ಕಚೇರಿ.

ಎಲ್ಲಾ ಮುಗಿದಿಲ್ಲ. ರಸ್ತೆಗೆ ಹೊಸ ಡಾಂಬರು ಹಾಕುವಾಗ ಹಳೇ ಪದರ ಕೆರೆದೇ ಹಾಕಬೇಕು ಅಂತ ಸಂಘದಲ್ಲಿ ನಿರ್ಣಯ ಮಾಡಿಸಿದ್ದೇನೆ. ಇಲ್ಲದಿದ್ದರೆ ಪ್ರತಿ ಪದರಕ್ಕೂ ರಸ್ತೆ ಏರುತ್ತದೆ, ಮನೆಗಳು ತಗ್ಗಾಗುತ್ತವೆ, ನಾವು ಬಿಟ್ಟ ಬಾಯಿಗಳು ಮುಚ್ಚುತ್ತವೆ. ಅಡ್ಡರಸ್ತೆಗಳು ಸೇರುವ ಕಡೆ ಹೂಳಿನ ಗುಂಡಿಗಳಿವೆ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಗೆಯಬೇಕು. ಆ ಚಪ್ಪಡಿಗಳಿಗೆ ಕೊಂಡಿ ಹಾಕಿಸಿದ್ದೇವೆ, ಇಬ್ಬರು ಎತ್ತಬಹುದು. ಗೇಟಿನ ಎಡಗಡೆ ಒಂದು ಮನೆಗೆ ಬೇಸ್‌ಮೆಂಟ್ ಪಾರ್ಕಿಂಗ್ ಇದೆ. ಅದರ ನೆಲ ನಮ್ಮ ಚರಂಡಿಯ ತಳಕ್ಕಿಂತಲೂ ಕೆಳಗೆ. ಯಾವ ಇಳಿಜಾರೂ ಅದನ್ನು ಕಾಪಾಡಲ್ಲ. ಇಳಿಯುವ ಬಾಯಲ್ಲಿ ಆರಿಂಚು ಉಬ್ಬು, ಅಡ್ಡಲಾಗಿ ಗ್ರೇಟಿಂಗ್, ಒಳಗೊಂದು ಗುಂಡಿ ಮತ್ತು ತಾನಾಗಿ ಓಡುವ ಪಂಪು ಹಾಕಿಸಿ ಅಂತ ಹೇಳಿದ್ದೇನೆ. ಜೋರು ಮಳೆಗೆ ಮೊದಲು ಹೋಗೋದೇ ಕರೆಂಟು, ಹಾಗಾಗಿ ಪಂಪಿನ ಲೈನನ್ನು ಜನರೇಟರಿಗೆ ಕೊಡಿಸಬೇಕು. ಮಾಲೀಕರು ಯೋಚಿಸಿ ಹೇಳ್ತೀನಿ ಅಂದಿದ್ದಾರೆ. ಸೆಪ್ಟೆಂಬರಿಗೆ ಮುಂಚೆ ಹೇಳಿದರೆ ಒಳ್ಳೆಯದು.